ಪ್ರಮಾಣಿತ ಸ್ಕ್ರೂಗಳ ಗಣಕ ರಚನೆ

ಗಣಕದಲ್ಲಿ ಯಂತ್ರಭಾಗ ಚಿತ್ರಿಸುವಾಗ ಸ್ಕ್ರೂ, ಬೋಲ್ಟು, ನಟ್ಟು, ವಾಷರುಗಳನ್ನು ಪ್ರಮಾಣದ ಕೋಷ್ಟಕ ನೋಡಿ ತಾನೇ ರೂಪಿಸಿಕೊಡುವ ಸಲಕರಣೆ. ಸಾಲಿಡ್‌ವರ್ಕ್ಸ್‌ನಲ್ಲಿ ಇದಕ್ಕೆ ಟೂಲ್‌ಬಾಕ್ಸ್ ಎನ್ನುತ್ತಾರೆ, ಇನ್ವೆಂಟರ್‌ನಲ್ಲಿ ಕಂಟೆಂಟ್ ಸೆಂಟರ್. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಫ್ರೀಕ್ಯಾಡ್‌ನಲ್ಲಿ ಫಾಸ್ಟನರ್ಸ್ ಎಂಬ ವರ್ಕ್‌ಬೆಂಚ್ ಈ ಕೆಲಸ ಮಾಡುತ್ತದೆ. ವಿನ್ಯಾಸಕಾರ ಬಗೆ, ವ್ಯಾಸ, ಉದ್ದ ಈ ಮೂರನ್ನು ಹೇಳಿದರೆ ಸಾಕು. ತೂತಿನ ಅಂಚು ಆರಿಸಿಕೊಂಡರೆ ಸ್ಕ್ರೂ ಅಲ್ಲಿಗೇ ಹೋಗಿ ಕೂರುತ್ತದೆ.

ಪುಣೆಯ ಪೂರ್ವಕ್ಕೆ, ಸೊಲ್ಲಾಪುರ ರಸ್ತೆಯ ಮೇಲಿರುವ ಹಡಪಸರದಂಥ ಊರಿನಲ್ಲಿ ಈ ಸಲಕರಣೆಯ ಬೆಲೆ ಸುಲಭವಾಗಿ ತಿಳಿಯುತ್ತದೆ. ಇಲ್ಲಿ ಹಳೆಯ ಕೈಗಾರಿಕಾ ವಸಾಹತು ಇದೆ. ಪಕ್ಕದ ಮುಂಢವೆಯಲ್ಲಿ 1961ರಲ್ಲಿ ಸ್ಥಾಪನೆಯಾದ ಭಾರತ್ ಫೋರ್ಜ್ ಇದೆ. ಮಗರ ಮನೆತನದ ರೈತರು ತಮ್ಮ ಹೊಲಗಳನ್ನು ಒಟ್ಟುಗೂಡಿಸಿ ಕಟ್ಟಿದ ಮಗರಪಟ್ಟಾದ ಗಣಕ ಕಚೇರಿಗಳೂ ಇವೆ. ಚಿತ್ರ ಬರೆಯುವ ಮೇಜಿಗೂ ಬೋಲ್ಟು ಬಿಗಿಯುವ ಕೈಗೂ ಇಲ್ಲಿ ದೂರವಿಲ್ಲ. ಕಲಬುರಗಿಯಿಂದ ಸೊಲ್ಲಾಪುರದ ಮೇಲೆ ಬರುವ ಬಸ್ಸು ಪುಣೆ ಸೇರುವ ಮುನ್ನ ಹಾಯುವುದೂ ಈ ಊರನ್ನೇ. ಸ್ಕ್ರೂವಿನ ಎಳೆಗೆ ಮರಾಠಿಯಲ್ಲಿ ‘ಆಟೆ’ ಎಂದರೆ ನಮ್ಮವರ ಬಾಯಲ್ಲಿ ಅದು ‘ತ್ರೆಡ್ಡು’. 6 ಮಿ.ಮೀ. ವ್ಯಾಸದ ಮೆಟ್ರಿಕ್ ಸ್ಕ್ರೂವಿಗೆ ಎಂ6 ಎಂಬ ಹೆಸರು ಮಾತ್ರ ಇಬ್ಬರಿಗೂ ಒಂದೇ.

ಆ ಹೆಸರಿನಲ್ಲಿ ಎಷ್ಟೊಂದು ಅಡಗಿದೆ ಎಂಬುದಕ್ಕೆ ತಲೆಯಲ್ಲಿ ಕೀ ಕೂರುವ ಆರುಮೂಲೆ ಕುಳಿ ಇರುವ ಅಲೆನ್ ಬೋಲ್ಟನ್ನೇ ನೋಡಬಹುದು. ಅದಕ್ಕೆ ಭಾರತೀಯ ಪ್ರಮಾಣ ಐಎಸ್ 2269, ಅಂತಾರಾಷ್ಟ್ರೀಯ ಪ್ರಮಾಣ ಐಎಸ್‌ಒ 4762, ಹಳೆಯ ಜರ್ಮನ್ ಸಂಖ್ಯೆ ಡಿಐಎನ್ 912. ಎಂ6 ಎಂದೊಡನೆ ಪಿಚ್ (ತ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ) 1 ಮಿ.ಮೀ., ತಲೆಯ ವ್ಯಾಸ 10, ತಲೆಯ ಎತ್ತರ 6, ಕೀ 5 ಎಂದು ಗೊತ್ತಾಗಿಬಿಡುತ್ತದೆ. ಎಂ8 ಆದರೆ ಇವೇ 1.25, 13, 8, 6. ಬೋಲ್ಟು ಉದ್ದವಾದರೆ ತ್ರೆಡ್ಡು ಪೂರ್ತಿ ಇರುವುದಿಲ್ಲ. ವ್ಯಾಸದ ಎರಡು ಪಟ್ಟಿಗೆ 12 ಕೂಡಿಸಿದಷ್ಟು, ಅಂದರೆ ಎಂ6ಕ್ಕೆ 24 ಮಿ.ಮೀ. ಮಾತ್ರ. ಇದನ್ನೆಲ್ಲ ಕೈಪಿಡಿಯಿಂದ ಒಂದೊಂದಾಗಿ ತೆಗೆದು ಬರೆಯುವಾಗ ತಪ್ಪುವುದು ಸಹಜ. ಸಲಕರಣೆಯ ನಿಜವಾದ ಉಪಕಾರ ಇಲ್ಲಿದೆ, ಚಿತ್ರದ ಅಂದದಲ್ಲಿ ಅಲ್ಲ.

ಕೋಷ್ಟಕದ ಹಿಂದೆ ಉದ್ದದ ಇತಿಹಾಸವಿದೆ. 1841ರಲ್ಲಿ ಜೋಸೆಫ್ ವಿಟ್ವರ್ತ್ 55 ಡಿಗ್ರಿ ಕೋನದ ತ್ರೆಡ್ಡನ್ನು ಸೂಚಿಸಿದ. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ 60 ಡಿಗ್ರಿ ಎಂದ. ಇಂದಿನ ಮೆಟ್ರಿಕ್ ತ್ರೆಡ್ಡಿನ ಕೋನವೂ 60 ಡಿಗ್ರಿಯೇ; ಭಾರತದಲ್ಲಿ ಅದು ಐಎಸ್ 4218ರಡಿ ಬರುತ್ತದೆ. ಇಲ್ಲಿ ಮೆಟ್ರಿಕ್ ಪದ್ಧತಿಗೆ 1956ರ ಕಾಯಿದೆ ದಾರಿ ಮಾಡಿದರೂ ಇಂಚಿನ ಎಂಟನೇ ಒಂದು ಭಾಗವಾದ ‘ಸೂತು’ ವರ್ಕ್‌ಷಾಪಿನ ಮಾತಿನಿಂದ ಹೋಗಿಲ್ಲ. ಇಂಚು, ಮೆಟ್ರಿಕ್‌ಗಳ ಈ ತಿಕ್ಕಾಟ ಲೇತಿನಲ್ಲೂ ಕಾಣುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1941ರಲ್ಲಿ ಹರಿಹರದಲ್ಲಿ ಆರಂಭಿಸಿದ ಮೈಸೂರು ಕಿರ್ಲೋಸ್ಕರ್ ಲೇತುಗಳಿಗೆ ಹೆಸರಾಯಿತು. ಉಳಿಯನ್ನು ಸಾಗಿಸುವ ಲೀಡ್‌ಸ್ಕ್ರೂ ಇಂಚಿನದಾಗಿರುವ ಲೇತಿನಲ್ಲಿ ಮೆಟ್ರಿಕ್ ತ್ರೆಡ್ಡು ಕೊಯ್ಯಬೇಕಾದರೆ 127 ಹಲ್ಲಿನ ಗೇರು ಹೂಡಬೇಕು, ಏಕೆಂದರೆ 25.4ರ ಐದು ಪಟ್ಟು 127. ಲೇತಿನವನು ಗೇರು ಬದಲಿಸಿ ಪಡೆಯುತ್ತಿದ್ದ ಪಿಚ್ಚನ್ನು ಗಣಕ ಕೋಷ್ಟಕದಿಂದ ಎತ್ತಿಕೊಳ್ಳುತ್ತದೆ.

ತ್ರೆಡ್ಡನ್ನು ನಿಜವಾಗಿ ಕೊರೆಯಬೇಕೆಂದರೆ ಸಲಕರಣೆ ತ್ರಿಕೋನದ ಅಡ್ಡಕೊಯ್ತವನ್ನು ಸುರುಳಿಯ ದಾರಿಯಲ್ಲಿ ಸಾಗಿಸಿ ದಿಂಡಿನಿಂದ ಕಳೆಯುತ್ತದೆ. ಪೂರ್ತಿ ತ್ರೆಡ್ಡಿನ 20 ಮಿ.ಮೀ. ಎಂ6 ಸ್ಕ್ರೂವಿಗೆ ಇಪ್ಪತ್ತು ಸುತ್ತು. ಅಂಥ ಸ್ಕ್ರೂಗಳು ನೂರಾರು ಇರುವ ಜೋಡಣೆ ತೆರೆದರೆ ಗಣಕ ತೆವಳುತ್ತದೆ. ಆದ್ದರಿಂದ ನುಣುಪು ದಿಂಡು ಬಿಟ್ಟು ತ್ರೆಡ್ಡನ್ನು ಗೆರೆಯಲ್ಲಿ ಸೂಚಿಸುವುದು ವಾಡಿಕೆ. ಮುದ್ರಿಸಿ ತೆಗೆಯುವ ಪ್ಲಾಸ್ಟಿಕ್ ಭಾಗಕ್ಕೆ ಮಾತ್ರ ಕೊರೆದ ತ್ರೆಡ್ಡು ಬೇಕೇ ಬೇಕು, ಜೊತೆಗೆ ತುಸು ಸಡಿಲವೂ ಬೇಕು. ಚಿತ್ರದಲ್ಲಿ 6.000 ಎಂದಿರುವ ಎಂ6 ಸ್ಕ್ರೂ, ಸಾಮಾನ್ಯವಾದ 6ಜಿ ಸಹಿಷ್ಣುತೆಯಲ್ಲಿ 5.794ರಿಂದ 5.974 ಮಿ.ಮೀ. ಒಳಗೇ ಇರಬೇಕು.

ಹೆಚ್ಚು ಜನ ಎಡವುವುದು ಆರುಮೂಲೆ ತಲೆಯಲ್ಲಿ. ಎಂ10 ಬೋಲ್ಟಿಗೆ ಹಳೆಯ ಡಿಐಎನ್ 933ರಲ್ಲಿ 17ರ ಸ್ಪ್ಯಾನರ್ ಬೇಕು, ಐಎಸ್‌ಒ 4017ರಲ್ಲಿ 16ರದು. ಎಂ12ಕ್ಕೆ ಅದೇ ರೀತಿ 19 ಮತ್ತು 18. ಮೆನುವಿನಲ್ಲಿ ಎರಡೂ ಸಾಲು ಪಕ್ಕಪಕ್ಕದಲ್ಲಿ ಸಿಗುತ್ತವೆ, ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ತಲೆ ಕೂರುವ ಕುಳಿಯನ್ನು 16ಕ್ಕೆ ಬಿಗಿಯಾಗಿ ಅಳೆದಿದ್ದು, ಅಂಗಡಿಯಿಂದ 17ರದು ಬಂದರೆ ಬೋಲ್ಟು ಒಳಗೆ ಇಳಿಯುವುದೇ ಇಲ್ಲ. ಸಂಖ್ಯೆ ಓದದೆ ಆಕಾರ ನೋಡಿ ಆರಿಸಬಾರದು ಎಂದು ಹೊಸಬರಿಗೆ ಮೊದಲ ದಿನವೇ ಹೇಳಬೇಕು.

ಬಿಡಿಭಾಗಗಳ ಪಟ್ಟಿಯನ್ನೂ ಸಲಕರಣೆ ತಯಾರಿಸುತ್ತದೆ. ಆದರೆ ಬೋಲ್ಟಿನ ಬಲ ಆಕಾರದಲ್ಲಿ ಇಲ್ಲದ್ದರಿಂದ ವಿನ್ಯಾಸಕಾರ ಅದನ್ನು ತಾನೇ ನಮೂದಿಸಬೇಕಾಗುತ್ತದೆ. 8.8 ಎಂದರೆ ಎಳೆತದ ಬಲ ಚದರ ಮಿಲಿಮೀಟರಿಗೆ 800 ನ್ಯೂಟನ್, ಅದರ ಶೇ. 80ರಷ್ಟು, ಅಂದರೆ 640ರಲ್ಲಿ, ಉಕ್ಕು ಹಿಗ್ಗಿ ನಿಲ್ಲತೊಡಗುತ್ತದೆ. ಖರೀದಿಗೆ ಹೋಗುವ ಪೂರ್ಣ ಸಾಲು ಹೀಗಿರುತ್ತದೆ: ಆರುಮೂಲೆ ಸ್ಕ್ರೂ, ಐಎಸ್ 1364 ಭಾಗ 2, ಎಂ10 × 30, 8.8.