ಯಾವ ಕೊಳಗದಲ್ಲಿ ಅಳೆಯೋಣ?

ಶಾಂತವೇರಿ ಗೋಪಾಲಗೌಡರು ಮೂರು ಸಲ ಶಾಸಕರಾಗಿದ್ದರು. ಒಂದು ದಿನವೂ ಮಂತ್ರಿಯಾಗಲಿಲ್ಲ. 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ಬಂದಾಗ 99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ಸಿನವರು 74 ಮಂದಿ, ಸೋಷಲಿಸ್ಟರು ಮೂವರೇ. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಬಂದರು. ಶಾಸಕನ ಸಾಧನೆಯನ್ನು ತಂದ ಕಾನೂನು, ಹಿಡಿದ ಖಾತೆ, ಕಟ್ಟಿಸಿದ ಸೇತುವೆಗಳಲ್ಲಿ ಎಣಿಸುವುದಾದರೆ ಗೌಡರ ಲೆಕ್ಕ ಸೊನ್ನೆಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಆ ಎಣಿಕೆಯೇ ತಪ್ಪು ಎಂಬುದು ನನ್ನ ವಾದ. ಹಳ್ಳಿಯ ತಕರಾರೊಂದನ್ನು ರಾಜ್ಯದ ಪ್ರಶ್ನೆಯನ್ನಾಗಿ ಮಾಡಿ, ಅದು ಹಳತಾಗದಂತೆ ಸದನದಲ್ಲಿ ಕಾಯುವುದೂ ಶಾಸಕನ ಕೆಲಸವೇ.

ಆ ತಕರಾರು ಶುರುವಾದದ್ದು ಒಂದು ಕೊಳಗದಿಂದ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಉಳುತ್ತಿದ್ದ ದೀವರು ಜಮೀನಿನ ಒಡೆಯರಿಗೆ ಭತ್ತದಲ್ಲಿ ಗೇಣಿ ಅಳೆಯಬೇಕಿತ್ತು. ಅಳೆದುಕೊಳ್ಳುವ ಕೊಳಗ ಮಾತ್ರ ಇರಬೇಕಾದ್ದಕ್ಕಿಂತ ದೊಡ್ಡದು. ಕೊಟ್ಟ ಗೇಣಿಗೆ ರಸೀದಿಯಿಲ್ಲ, ಆದ್ದರಿಂದ ಗೇಣಿದಾರನೆಂಬುದಕ್ಕೆ ಸಾಕ್ಷಿಯೂ ಇಲ್ಲ. ಎಚ್. ಗಣಪತಿಯಪ್ಪನವರ ರೈತಸಂಘ ಇದನ್ನು ಪ್ರಶ್ನಿಸಿತು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆಯ ಜಗಳ ಒಡೆತನದ ಜಗಳವಾಗಿ, ‘ಉಳುವವನೇ ಹೊಲದೊಡೆಯ’ ಎಂಬ ಬೇಡಿಕೆಯಾಗಿ ಬೆಳೆದದ್ದರಲ್ಲಿ ಸಮಾಜವಾದಿಗಳ ಪಾತ್ರ ದೊಡ್ಡದು. ಆರಗದಲ್ಲಿ 1923ರಲ್ಲಿ ಹುಟ್ಟಿ, ವಿದ್ಯಾರ್ಥಿಯಾಗಿದ್ದಾಗಲೇ ಚಲೇಜಾವ್ ಚಳವಳಿಗಿಳಿದು ಜೈಲು ಕಂಡಿದ್ದ ಗೌಡರು ಆ ಬೇಡಿಕೆಯ ದನಿಯಾದರು. ಮರುವರ್ಷವೇ ಬಂದ ಚುನಾವಣೆಯಲ್ಲಿ ಅದೇ ಸೀಮೆ ಅವರನ್ನು ಸದನಕ್ಕೆ ಕಳಿಸಿತು. ಸತ್ಯಾಗ್ರಹ ಕಾಗೋಡಿನ ರೈತರಿಗೆ ಆ ಕ್ಷಣಕ್ಕೆ ಭೂಮಿ ಕೊಡಿಸಲಿಲ್ಲ, ನಿಜ. ಆದರೆ ಸೋತ ಚಳವಳಿಯೊಂದು ವರ್ಷದೊಳಗೆ ಶಾಸನಸಭೆಯಲ್ಲಿ ಕುರ್ಚಿ ಹಿಡಿದು ಕೂತದ್ದನ್ನು ಸೋಲೆಂದು ಹೇಗೆ ಬರೆದುಕೊಳ್ಳುವುದು?

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಗೇಣಿದಾರರಿಗೆ ಭೂಮಿ ಸಿಕ್ಕಿದ್ದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ. ಅದನ್ನು ತಂದವರು ದೇವರಾಜ ಅರಸು. ಗೌಡರು 1972ರ ಜೂನ್ 9ರಂದೇ ತೀರಿಕೊಂಡಿದ್ದರು. ಬಹುಮತವಿಲ್ಲದೆ ಕಾನೂನಿಲ್ಲ ಎಂಬುದನ್ನು ಒಪ್ಪಲೇಬೇಕು. ಅರಸರ ಪಾಲಿನ ಶ್ರೇಯಸ್ಸನ್ನು ಕಿತ್ತು ಇವರಿಗೆ ಕಟ್ಟುವ ಅಗತ್ಯವೂ ಇಲ್ಲ. ಆದರೆ ಬಹುಮತವೊಂದೇ ಸಾಕಿದ್ದರೆ 1961ರ ಭೂಸುಧಾರಣಾ ಕಾಯಿದೆಯೇ ಸಾಕಾಗಬೇಕಿತ್ತು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯರು ಜಮೀನು ಹಿಂದಕ್ಕೆ ಪಡೆಯಲು ಅದರಲ್ಲಿ ದಾರಿಯಿತ್ತು. 1974ರ ತಿದ್ದುಪಡಿ ಗೇಣಿ ಜಮೀನನ್ನೆಲ್ಲ ಸರ್ಕಾರದ ಸ್ವಾಧೀನಕ್ಕೆ ತಂದು, ಅರ್ಜಿ ಹಾಕಿದ ಗೇಣಿದಾರರಿಗೆ ಭೂನ್ಯಾಯ ಮಂಡಳಿಗಳ ಮೂಲಕ ಕೊಡುವ ಏರ್ಪಾಡು ಮಾಡಿತು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಕಾಗದಪತ್ರವಿಲ್ಲದ ರೈತನ ಬಾಯಿಮಾತಿಗೂ ತೂಕ ಬಂತು. ರಸೀದಿಯಿಲ್ಲದ ಕಾಗೋಡಿನ ಕಷ್ಟಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗಂತೂ ಹೊಳೆಯದು. ಎರಡು ಕಾಯಿದೆಗಳ ನಡುವಿನ ಈ ದೂರವನ್ನು ಆಳುವ ಪಕ್ಷ ತಾನಾಗಿಯೇ ನಡೆದು ಬಂತೆಂದು ನಂಬುವುದು ಕಷ್ಟ. ವಿರೋಧಪಕ್ಷದ ಬೆಂಚು ಆ ಪ್ರಶ್ನೆಯನ್ನು ಎರಡು ದಶಕ ಬಿಡದೆ ಹಿಡಿದಿತ್ತು.

ಗೌಡರ ದೊಡ್ಡತನ ಸಾಹಿತಿಗಳು ಕಟ್ಟಿದ ಪ್ರಭಾವಳಿ ಎನ್ನುವವರೂ ಇದ್ದಾರೆ. ಅನಂತಮೂರ್ತಿಯವರ ‘ಅವಸ್ಥೆ’ಯ ನಾಯಕನಲ್ಲಿ ಗೌಡರ ಛಾಯೆ ಕಂಡವರು ಕಾದಂಬರಿಯನ್ನೇ ಚರಿತ್ರೆಯೆಂದು ಓದಿದ್ದುಂಟು. ಕಾದಂಬರಿಯನ್ನು ಬದಿಗಿಟ್ಟು ಬರೀ ಚುನಾವಣೆಯ ದಾಖಲೆ ನೋಡಿದರೂ ಸಾಕು. 1967ರಲ್ಲಿ ಸೊರಬದಿಂದ ಬಂಗಾರಪ್ಪ ಶಾಸಕರಾದರು. ಅದೇ ವರ್ಷ ಶಿವಮೊಗ್ಗದಿಂದ ಜೆ.ಎಚ್. ಪಟೇಲರು ಲೋಕಸಭೆಗೆ ಹೋಗಿ ಕನ್ನಡದಲ್ಲೇ ಮಾತಾಡಿದರು. ಇವರೆಲ್ಲ ಅದೇ ಸಮಾಜವಾದಿ ಗರಡಿಯವರು. ಮುಂದೆ ಒಬ್ಬೊಬ್ಬರು ಒಂದೊಂದು ಪಕ್ಷಕ್ಕೆ ಚದುರಿದರು, ಆ ಕತೆ ಬೇರೆ. ಗೌಡರು ತೀರಿಕೊಂಡ 1972ರಲ್ಲೇ ಸಾಗರದಿಂದ ಸಮಾಜವಾದಿಯಾಗಿ ಗೆದ್ದು, ಆ ತಿದ್ದುಪಡಿಯನ್ನು ಅಂಗೀಕರಿಸಿದ ಸದನದಲ್ಲಿ ಕೂತವರು ತಿಮ್ಮಪ್ಪನವರು: ದೀವರ ಮನೆಯವರು, ಊರು ಕಾಗೋಡು.