ಒಡಂಬಡಿಕೆಗೆ ಅರ್ಹರು ಯಾರು? ಮಿತಾಕ್ಷರೆಯಿಂದ ಮೊಹೊರಿ ಬೀಬಿ ಪ್ರಕರಣದವರೆಗೆ

ನಡುಗಾಲದ ಕನ್ನಡ ಕ್ರಯಶಾಸನಗಳನ್ನು ಓದುವವರಿಗೆ ಜ್ಞಾತಿ, ಸಾಮಂತ, ದಾಯಾದರ ಅನುಮತಿಯ ಉಲ್ಲೇಖವೂ ‘ಸಹಿರಣ್ಯೋದಕ’, ‘ಧಾರಾಪೂರ್ವಕ’ ಎಂಬ ಮಾತುಗಳೂ ಚಿರಪರಿಚಿತ. ಇವನ್ನು ರೂಢಿಯ ಒಕ್ಕಣೆಯೆಂದು ದಾಟಿಬಿಡುವುದುಂಟು. ಆದರೆ ಈ ಒಂದೊಂದು ಪದದ ಹಿಂದೆಯೂ ಕಾನೂನಿನ ಪ್ರಶ್ನೆಯೊಂದಿದೆ: ಮಾರುವವನಿಗೆ ಮಾರುವ ಅಧಿಕಾರವಿತ್ತೆ? ಆ ಮಾರಾಟ ಧರ್ಮಸಮ್ಮತವೆ?

ಈ ಪ್ರಶ್ನೆಗಳಿಗೆ ಅತ್ಯಂತ ಸ್ಪಷ್ಟವಾದ ಉತ್ತರ ಕೊಟ್ಟವನು ವಿಜ್ಞಾನೇಶ್ವರ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದು, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದವನು ಅವನು. ಊರು, ಬಂಧುಗಳು, ನೆರೆಹೊಲದವರು, ದಾಯಾದರು ಇವರ ಅನುಮತಿಯಿಂದಲೂ ಹೊನ್ನು ನೀರುಗಳ ದಾನದಿಂದಲೂ ಭೂಮಿ ಕೈಬದಲಾಗುತ್ತದೆ ಎಂಬ ಹಳೆಯ ವಚನವನ್ನು ಅವನು ವಿವೇಚಿಸುವ ಬಗೆ ನ್ಯಾಯಾಧೀಶನದು. ಊರವರ ಅನುಮತಿ ಬೇಕಾದದ್ದು ವ್ಯವಹಾರ ಬಹಿರಂಗವಾಗಲೆಂದು. ಅದಿಲ್ಲದಿದ್ದರೆ ವ್ಯವಹಾರವೇ ಸಿದ್ಧಿಸದೆಂದಲ್ಲ. ನೆರೆಯವರ ಅನುಮತಿ ಎಲ್ಲೆಯ ತಕರಾರು ಏಳದಿರಲೆಂದು. ಹೊನ್ನು ನೀರುಗಳ ಕಥೆ ಬೇರೆ. ಸ್ಥಾವರವನ್ನು ಮಾರುವುದಕ್ಕೆ ಶಾಸ್ತ್ರದ ನಿಷೇಧವಿದೆ, ದಾನಕ್ಕೆ ಪ್ರಶಂಸೆಯಿದೆ. ಆದ್ದರಿಂದ ಮಾರಲೇಬೇಕಾದವನು ದಾನದ ರೂಪದಲ್ಲಿ ಮಾರಬೇಕು. ನಿಷೇಧವನ್ನು ಉಲ್ಲಂಘಿಸದೆ ಪೇಟೆಯನ್ನೂ ನಡೆಸಿದ ಈ ಜಾಣ್ಮೆಯೇ ಶಾಸನಗಳ ‘ಧಾರಾಪೂರ್ವಕ’ದೊಳಗೆ ಅಡಗಿರುವುದು.

ವ್ಯವಹಾರಕ್ಕಿಳಿಯುವವರ ಅರ್ಹತೆಯ ವಿಚಾರದಲ್ಲಿ ಸ್ಮೃತಿ ಇನ್ನೂ ಕಟ್ಟುನಿಟ್ಟು. ಮತ್ತ, ಉನ್ಮತ್ತ, ಆರ್ತ, ವ್ಯಸನಿ, ಬಾಲ, ಭೀತ ಇವರು ಮಾಡಿದ ವ್ಯವಹಾರ ಸಿದ್ಧಿಸುವುದಿಲ್ಲವೆಂದು ಯಾಜ್ಞವಲ್ಕ್ಯನ ಮತ. ನಾರದನ ಲೆಕ್ಕದಲ್ಲಿ ಎಂಟು ವರ್ಷದವರೆಗಿನ ಶಿಶು ಗರ್ಭಸ್ಥನಿಗೆ ಸಮಾನ, ಹದಿನಾರರವರೆಗೆ ಬಾಲ, ಅನಂತರ ವ್ಯವಹಾರಜ್ಞ, ಆದರೆ ತಂದೆತಾಯಿಗಳು ಬದುಕಿರುವವರೆಗೆ ಸ್ವತಂತ್ರನಲ್ಲ. ಜೈನ ಸಂಪ್ರದಾಯದಲ್ಲಿ ಎಂಟು ವರ್ಷ ತುಂಬಿದವನು ಸಂಯಮಕ್ಕೆ ಅರ್ಹನೆಂಬ ಮಾತಿರುವುದು ಇಲ್ಲಿ ನೆನಪಾಗದೆ ಇರದು. ಮೋಕ್ಷಮಾರ್ಗಕ್ಕೆ ಸಾಕಾದ ವಯಸ್ಸು ಸಾಲಪತ್ರಕ್ಕೆ ಸಾಲದು!

ಅಸ್ವತಂತ್ರರ ಪಟ್ಟಿಯಲ್ಲಿ ಸ್ತ್ರೀಯೂ ಇದ್ದಾಳೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಹೆಂಡತಿ ಮಾಡಿದ ಸಾಲಕ್ಕೆ ಸಾಮಾನ್ಯವಾಗಿ ಗಂಡ ಹೊಣೆಯಲ್ಲ. ಆದರೆ ಗೋವಳ, ಹೆಂಡಗಾರ, ನಟ, ಅಗಸ, ಬೇಡ ಈ ಐವರ ಹೆಂಡಿರು ಮಾಡಿದ ಸಾಲವನ್ನು ಗಂಡಂದಿರು ತೀರಿಸಲೇಬೇಕು. ಕಾರಣವನ್ನೂ ಯಾಜ್ಞವಲ್ಕ್ಯ ಹೇಳಿದ್ದಾನೆ: ಅವರ ಜೀವನೋಪಾಯ ನಿಂತಿರುವುದೇ ಆ ಹೆಂಗಸರ ಮೇಲೆ. ಸಿದ್ಧಾಂತದಲ್ಲಿ ಅಸ್ವತಂತ್ರಳಾದವಳು ದುಡಿಮೆಯ ಲೋಕದಲ್ಲಿ ಸಾಲ ತರುವ ಯಜಮಾನಿಯಾಗಿದ್ದಳೆಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಒಪ್ಪಿಗೆ ಧರ್ಮಶಾಸ್ತ್ರಗಳಲ್ಲಿ ಸಿಗುವುದು ಕಷ್ಟ.

ಇನ್ನು ವ್ಯವಹಾರದ ಉದ್ದೇಶ. ಕುಡಿತ, ಕಾಮ, ಜೂಜುಗಳಿಗಾಗಿ ತಂದೆ ಮಾಡಿದ ಸಾಲವನ್ನು ಮಗ ತೀರಿಸಬೇಕಾಗಿಲ್ಲವೆಂದು ಸ್ಮೃತಿ ವಿಧಿಸಿತು. ಇದೇ ವಿಷಯವನ್ನು ಜೈನಾಚಾರ್ಯರು ಬೇರೆ ದಿಕ್ಕಿನಿಂದ ಹಿಡಿದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಅಚೌರ್ಯ ವ್ರತಕ್ಕೆ ಹೇಳಿದ ಅತಿಚಾರಗಳೆಂದರೆ ಕಳ್ಳನಿಗೆ ಪ್ರೇರಣೆ, ಕದ್ದ ಮಾಲಿನ ಸ್ವೀಕಾರ, ವಿರುದ್ಧರಾಜ್ಯಾತಿಕ್ರಮ, ಅಳತೆತೂಕಗಳ ಮೋಸ, ಕಲಬೆರಕೆಯ ವ್ಯಾಪಾರ. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖ, ನ್ಯಾಸಾಪಹಾರಗಳಿವೆ; ಎಂದರೆ ಸುಳ್ಳುಪತ್ರ ಮತ್ತು ಇಟ್ಟ ಠೇವಣಿಯನ್ನು ನುಂಗುವುದು. ವರ್ತಕ ಸಮುದಾಯದ ನಡುವೆ ಬೆಳೆದ ಧರ್ಮಕ್ಕೆ ಅಂಗಡಿಯ ಒಳಹೊರಗು ಎಷ್ಟು ಚೆನ್ನಾಗಿ ತಿಳಿದಿತ್ತೆಂಬುದನ್ನು ಈ ಪಟ್ಟಿಯೇ ತೋರಿಸುತ್ತದೆ. ಸ್ಮೃತಿಯ ಪ್ರಶ್ನೆ, ಈ ಪತ್ರ ನಿಲ್ಲುತ್ತದೆಯೆ ಎಂಬುದು. ಸೂತ್ರದ ಪ್ರಶ್ನೆ, ಪತ್ರ ನಿಂತರೂ ವ್ರತ ಉಳಿಯಿತೆ ಎಂಬುದು.

1872ರ ಭಾರತೀಯ ಕರಾರು ಅಧಿನಿಯಮ ಇವೆರಡನ್ನೂ ಬದಿಗಿಟ್ಟು ಇಂಗ್ಲಿಷ್ ನ್ಯಾಯದ ಜಾಡಿನಲ್ಲಿ ರಚಿತವಾಯಿತು. ಪ್ರಾಪ್ತವಯಸ್ಕನಾದ, ಸ್ವಸ್ಥಚಿತ್ತನಾದ, ಯಾವ ಕಾನೂನಿನಿಂದಲೂ ಅನರ್ಹಗೊಳ್ಳದ ವ್ಯಕ್ತಿ ಮಾತ್ರ ಕರಾರಿಗೆ ಸಮರ್ಥನೆಂದು ಅದರ 11ನೆಯ ಕಲಂ ಹೇಳುತ್ತದೆ; ಉದ್ದೇಶವೂ ಪ್ರತಿಫಲವೂ ನ್ಯಾಯಸಮ್ಮತವಾಗಿರಬೇಕೆಂಬ ನಿಯಮ 23ನೆಯದರಲ್ಲಿದೆ. 12ನೆಯ ಕಲಮಿನ ದೃಷ್ಟಾಂತದಲ್ಲಿ ಜ್ವರದಿಂದ ಕನವರಿಸುವವನೂ ಕುಡಿದು ಮೈಮರೆತವನೂ ಜೊತೆಯಾಗಿ ಬರುವುದನ್ನು ಕಂಡಾಗ ಸ್ಮೃತಿಯ ಆರ್ತ, ಮತ್ತರೇ ಮತ್ತೆ ಎದುರಾದಂತೆನಿಸುತ್ತದೆ. ಇದು ಎರವಲಲ್ಲ, ಮನುಷ್ಯಸ್ವಭಾವದ ಸಾಮ್ಯ ಅಷ್ಟೆ. 1875ರ ಪ್ರಾಪ್ತವಯಸ್ಸಿನ ಅಧಿನಿಯಮ ಹದಿನಾರರ ಎಲ್ಲೆಯನ್ನು ಹದಿನೆಂಟಕ್ಕೇರಿಸಿತು. ನ್ಯಾಯಾಲಯ ಪಾಲಕರನ್ನು ನೇಮಿಸಿದ್ದರೆ 1999ರವರೆಗೆ ಅದು ಇಪ್ಪತ್ತೊಂದಾಗಿತ್ತು.

ಅಪ್ರಾಪ್ತವಯಸ್ಕನ ಕರಾರು ಮೂಲತಃ ಶೂನ್ಯವೋ, ಅಥವಾ ಅವನಿಚ್ಛೆಯಂತೆ ರದ್ದಾಗಬಲ್ಲದ್ದೋ? ಅಧಿನಿಯಮದ ಮಾತು ಇದನ್ನು ಬಿಡಿಸಿ ಹೇಳಿರಲಿಲ್ಲ. 1895ರ ಜುಲೈಯಲ್ಲಿ ಕಲ್ಕತ್ತೆಯ ಧರ್ಮೋದಾಸ್ ಘೋಷ್ ಎಂಬ ಹುಡುಗ ತನ್ನ ಆಸ್ತಿಯನ್ನು ಬ್ರಹ್ಮೋ ದತ್ತನೆಂಬ ಲೇವಾದೇವಿಗಾರನಿಗೆ 20,000 ರೂಪಾಯಿಗಳಿಗೆ, ನೂರಕ್ಕೆ 12ರ ಬಡ್ಡಿಗೆ, ಅಡಮಾನ ಬರೆದುಕೊಟ್ಟ. ಹುಡುಗ ಅಪ್ರಾಪ್ತವಯಸ್ಕನೆಂದು ಅವನ ತಾಯಿಯ ವಕೀಲರು ಸಾಲಿಗನ ಕಾರಭಾರಿಗೆ ಮೊದಲೇ ಪತ್ರ ಬರೆದಿದ್ದರು. ಹಾಗಿದ್ದೂ ಕಾರಭಾರಿ, ತಾನು ಪ್ರಾಪ್ತವಯಸ್ಕನೆಂಬ ಹೇಳಿಕೆಯನ್ನು ಹುಡುಗನಿಂದ ಬರೆಸಿಕೊಂಡ. ಕೂಟಲೇಖವೆಂಬ ಪದ ಎಂದಾದರೂ ಸಲ್ಲುವುದಾದರೆ ಇಲ್ಲಿಯೇ. ದಾವೆ ನಡೆಯುತ್ತಿರುವಾಗ ಬ್ರಹ್ಮೋ ದತ್ತ ತೀರಿಕೊಂಡ. ಅವನ ಪರವಾಗಿ ಪ್ರಿವಿ ಕೌನ್ಸಿಲಿನ ಮೆಟ್ಟಿಲೇರಿದ ಮೊಹೊರಿ ಬೀಬಿಯ ಹೆಸರು ಪ್ರಕರಣಕ್ಕೆ ಉಳಿಯಿತು. 1903ರ ತೀರ್ಪು ಎರಡನೆಯ ಮಾತಿಗೆ ಎಡೆಯಿಲ್ಲದಂತಿತ್ತು: ಅಪ್ರಾಪ್ತವಯಸ್ಕನ ಕರಾರು ಆರಂಭದಿಂದಲೇ ಶೂನ್ಯ. ಸತ್ಯ ತಿಳಿದೇ ಕೊಟ್ಟವರು ಸುಳ್ಳು ಹೇಳಿಕೆಯ ಆಸರೆ ಪಡೆಯಲಾರರು. ಕೊಟ್ಟ ಹಣವೂ ಮರಳಲಿಲ್ಲ.

ಈ ಕಠೋರತೆ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ವಯಸ್ಸನ್ನು ಮರೆಸಿ ಸಾಲ ಪಡೆದು, ಪತ್ರ ಶೂನ್ಯವಾದ ಮೇಲೂ ಹಣವನ್ನು ಉಳಿಸಿಕೊಳ್ಳುವ ಹುಡುಗನನ್ನು ಕಾನೂನು ಕಾಪಾಡಬೇಕೆ? 1928ರಲ್ಲಿ ಲಾಹೋರ್ ಹೈಕೋರ್ಟು, ಪಡೆದದ್ದನ್ನು ಹಿಂದಿರುಗಿಸಬೇಕೆಂದಿತು. 1937ರಲ್ಲಿ ಅಲಹಾಬಾದ್ ಅದನ್ನೊಪ್ಪಲಿಲ್ಲ. ಕೊನೆಗೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 33ನೆಯ ಕಲಂ, ಅನರ್ಹತೆಯ ನೆಪದಿಂದ ಗೆದ್ದ ಪ್ರತಿವಾದಿಯೂ ತನಗೆ ಆದ ಲಾಭದಷ್ಟನ್ನು ಮರಳಿಸುವಂತೆ ಆದೇಶಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು.