ಜೀನ್ಸ್ ಬಿಚ್ಚಿದ ಹುಡುಗ ಹಾಡೋಕೆ ಹೊರಟಾಗ

ಇವತ್ತಿನ ಕಥೆ ಶುರುವಾಗೋದು ಒಂದು ಲಾಂಡ್ರಿಯಲ್ಲಿ.

1985ರ ಕೊನೆ, ಬ್ರಿಟನ್. ಟಿವಿಯಲ್ಲಿ ಹೊಸ ಜಾಹೀರಾತು. 1950ರ ದಶಕದ ಅಮೆರಿಕದ ಥರ ಕಾಣುವ ಲಾಂಡ್ರಿ, ನಾಣ್ಯ ಹಾಕಿ ನಾವೇ ಬಟ್ಟೆ ಒಗೆದುಕೊಳ್ಳುವಂಥದ್ದು. ಒಬ್ಬ ಹುಡುಗ ಬರ್ತಾನೆ. ಟೀ ಶರ್ಟ್ ಬಿಚ್ತಾನೆ, ತೊಟ್ಟಿದ್ದ ಲೀವೈಸ್ 501 ಜೀನ್ಸನ್ನೂ ಬಿಚ್ಚಿ ಮೆಷಿನ್ನಿಗೆ ಹಾಕ್ತಾನೆ. ಆಮೇಲೆ ಬಿಳಿ ಬಾಕ್ಸರ್ ಚಡ್ಡಿಯಲ್ಲೇ, ಏನೂ ಆಗಿಲ್ಲವೇನೋ ಅನ್ನೋ ಹಾಗೆ, ಕೂತು ಓದ್ತಾನೆ. ಒಂದೇ ಒಂದು ಮಾತು ಆಡಲ್ಲ. ಅದು ನಟನೆಯೇ ಅಲ್ವಾ? ಮೂಕಾಭಿನಯ! ಅಂದಹಾಗೆ, ಬ್ರೀಫ್ಸ್ ತೋರಿಸೋಕೆ ಟಿವಿಯ ನಿಯಂತ್ರಕರು ಒಪ್ಪದೇ ಇದ್ದದ್ದಕ್ಕೆ ಬಾಕ್ಸರ್ ಬಂತು. ಆಮೇಲೆ ಅದೇ ಫ್ಯಾಷನ್ ಆಯ್ತು.

ಆ ಹುಡುಗ ನಿಕ್ ಕೇಮನ್. ಹುಟ್ಟಿದ್ದು 1962ರಲ್ಲಿ, ಎಸೆಕ್ಸ್‌ನ ಹಾರ್ಲೋ ಊರಲ್ಲಿ. 1984ರಲ್ಲೇ 'ದ ಫೇಸ್' ಪತ್ರಿಕೆಯ ಮುಖಪುಟಕ್ಕೆ ಬಂದಿದ್ದ ಮಾಡೆಲ್. ಜಾಹೀರಾತಿನ ಹಿನ್ನೆಲೆಯಲ್ಲಿದ್ದದ್ದು ಮಾರ್ವಿನ್ ಗೇ ಅವರ 1968ರ ಹಾಡು. ಗೇ ಆಗಲೇ ತೀರಿಕೊಂಡಿದ್ದರು. ಆದರೂ 1986ರಲ್ಲಿ ಆ ಹಾಡು ಮತ್ತೆ ಬ್ರಿಟನ್ನಿನ ಟಾಪ್ 10ಕ್ಕೆ ಬಂತು. ಅಂದ್ರೆ ಪ್ಯಾಂಟು, ಚಡ್ಡಿ, ಹಳೇ ಹಾಡು, ಎಲ್ಲಕ್ಕೂ ಈ ಹುಡುಗನಿಂದ ಲಾಭ. ಅವನದೇ ದನಿ ಮಾತ್ರ ಯಾರೂ ಕೇಳಿರಲಿಲ್ಲ.

ಅದೇ ವರ್ಷ ಅವನ ಮೊದಲ ಹಾಡು ಬಂತು: 'ಈಚ್ ಟೈಮ್ ಯು ಬ್ರೇಕ್ ಮೈ ಹಾರ್ಟ್'. ಬರೆದದ್ದು ಮಡೋನಾ ಮತ್ತು ಸ್ಟೀಫನ್ ಬ್ರೇ. ಹಿಂದೆ ದನಿಗೂಡಿಸಿದವರಲ್ಲೂ ಮಡೋನಾ ಇದ್ದರು. ಬ್ರಿಟನ್ನಿನಲ್ಲಿ 5ನೇ ಸ್ಥಾನ. ಆದರೆ ಜನಕ್ಕೆ ಒಂದು ಸುಲಭದ ಉತ್ತರ ಸಿಕ್ಕಿಬಿಡ್ತು ನೋಡಿ: ಮುಖ ಜಾಹೀರಾತಿನದ್ದು, ಹಾಡು ಮಡೋನಾದ್ದು, ಇವನದ್ದೇನು?

ಇದು ಸ್ವಲ್ಪ ಅನ್ಯಾಯ ಅಂತ ನನಗನ್ನಿಸುತ್ತೆ. ಯಾಕಂದ್ರೆ ಇಟಲಿಯವರು ಹಾಗೆ ಯೋಚಿಸಲಿಲ್ಲ. 1988ರ 'ಟೆಲ್ ಮಿ' ಅಲ್ಲಿ ನಂಬರ್ 1. 1990ರಲ್ಲಿ 'ಐ ಪ್ರಾಮಿಸ್ಡ್ ಮೈಸೆಲ್ಫ್' ಬಂತು. ಈ ಸಲ ಬರೆದವನು ಅವನೇ. ಆಸ್ಟ್ರಿಯಾ, ಸ್ವೀಡನ್‌ಗಳಲ್ಲಿ ಅದು ನಂಬರ್ 1. ಸ್ವಂತ ದೇಶದಲ್ಲಿ? ಟಾಪ್ 40ರೊಳಗೂ ಬರಲಿಲ್ಲ. ಬ್ರಿಟನ್ನಿನವರ ಕಣ್ಣಲ್ಲಿ ಅವನಿನ್ನೂ ಆ ಲಾಂಡ್ರಿಯಲ್ಲೇ ಕೂತಿದ್ದ.

ಮುಂದೆ ಅವನು ನಿಧಾನಕ್ಕೆ ಬೆಳಕಿನಿಂದ ದೂರ ಸರಿದ. ಹಾಡು ಸರಿಯಲಿಲ್ಲ. 2004ರಲ್ಲಿ ಸ್ವೀಡನ್ನಿನ ಎ-ಟೀನ್ಸ್ ತಂಡ ಅದನ್ನ ಮತ್ತೆ ಹಾಡ್ತು. ಆಗಿನ ಎಷ್ಟೋ ಮಕ್ಕಳಿಗೆ ಮೂಲ ಹಾಡುಗಾರ ಯಾರು, ಹೇಗಿದ್ದ ಅನ್ನೋದೇ ಗೊತ್ತಿರಲಿಲ್ಲ.

2021ರ ಮೇ ತಿಂಗಳಲ್ಲಿ ನಿಕ್ ತೀರಿಕೊಂಡಾಗ ಅವನಿಗೆ 59. ಸುದ್ದಿಗಳಲ್ಲಿ ಮತ್ತೆ ಅದೇ ಜೀನ್ಸ್, ಅದೇ ವಾಷಿಂಗ್ ಮೆಷಿನ್.

ಫೋನ್ ಕೈಯಲ್ಲೇ ಇದೆಯಲ್ಲ, ಇವತ್ತು 'ಐ ಪ್ರಾಮಿಸ್ಡ್ ಮೈಸೆಲ್ಫ್' ಹುಡುಕಿ ಕೇಳಿ. ವಿಡಿಯೋ ನೋಡಬೇಡಿ, ಬರೀ ಕೇಳಿ.